ಬಾಗಿಲು ಹಾಕಿದ್ದು ಯಾರು?

ಇವತ್ತು ಲಂಡನ್ನಿನ ಒಂದು ಬೀದಿಯ ಕಥೆ ಹೇಳ್ತೀನಿ. ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಸ್ಟೇಷನ್ನಿನಲ್ಲಿ ಇಳಿದರೆ ಇಂಗ್ಲಿಷಿನ ಜೊತೆಗೆ ಬಂಗಾಳಿಯಲ್ಲೂ ಬೋರ್ಡು ಕಾಣುತ್ತೆ. ಅಲ್ಲಿಂದ ಸ್ವಲ್ಪ ನಡೆದರೆ ಬ್ರಿಕ್ ಲೇನ್. ಹಿಂದೆ ಇಟ್ಟಿಗೆ ಸುಡುತ್ತಿದ್ದ ಜಾಗ, ಹೆಸರು ಹಾಗೇ ಉಳಿದಿದೆ. ಸುತ್ತಮುತ್ತ ಇರುವವರಲ್ಲಿ ಬಹಳ ಜನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯಿಂದ ಬಂದವರು.

ರಜೆಯಲ್ಲಿ ಹೋದವನು ಮೂರು ದಿನ ಅಲ್ಲೇ ಅಡ್ಡಾಡಿದೆ. ಕೈಯಲ್ಲಿ ಮೈಕ್ ಇರಲಿಲ್ಲ, ಹಿಂದೆ ಕ್ಯಾಮೆರಾ ಇರಲಿಲ್ಲ. ಅಂಗಡಿಯ ಫ್ರೀಜರಿನಲ್ಲಿ ಬಾಂಗ್ಲಾದಿಂದ ಬಂದ ಮೀನು. ಬುಟ್ಟಿಯಲ್ಲಿ ಶಾತ್ಕೋರಾ ಅನ್ನೋ ನಿಂಬೆ ಜಾತಿಯ ಹಣ್ಣು, ಮಾಂಸದ ಸಾರಿಗೆ ಹಾಕುತ್ತಾರಂತೆ. ಪಕ್ಕದಲ್ಲೇ ವೀಳ್ಯದೆಲೆ, ಅಡಿಕೆ. ಗಾಲಿ ಚೀಲ ಎಳ್ಕೊಂಡು ಬರೋ ಹೆಂಗಸರು. ಶುಕ್ರವಾರ ನಮಾಜು ಮುಗಿದ ಮೇಲೆ ಹಿರಿಯರು ಪಾರ್ಕಿನ ಬೆಂಚಿನಲ್ಲಿ ಕೂತರು. ಏನು ಮಾತಾಡ್ತಿದ್ದರೋ ನನಗೆ ಅರ್ಥ ಆಗಲಿಲ್ಲ. ಆದರೆ ಆ ಕೂತ ರೀತಿ, ಆ ಕೈ ಆಡಿಸೋ ರೀತಿ ನಮ್ಮೂರಿನ ಅರಳಿಕಟ್ಟೆಯದೇ.

ಎರಡನೇ ದಿನ ಔಷಧಿ ಅಂಗಡಿಯಲ್ಲಿ ಒಬ್ಬ ಅಜ್ಜಿ, ಜೊತೆಗೆ ಹತ್ತು ವರ್ಷದ ಮೊಮ್ಮಗಳು. ಅಜ್ಜಿ ಮಂಡಿ ತೋರಿಸಿ ಏನೋ ಹೇಳುತ್ತಾರೆ, ಹುಡುಗಿ ಅದನ್ನ ಅಪ್ಪಟ ಲಂಡನ್ ಇಂಗ್ಲಿಷಿನಲ್ಲಿ ಅಂಗಡಿಯವನಿಗೆ ಹೇಳುತ್ತಾಳೆ. ಹೊರಗೆ ಬಂದಾಗ ಮಾತಾಡಿಸಿದೆ. "ನಾನಿ ಇಲ್ಲಿಗೆ ಬಂದು ನಲವತ್ತು ವರ್ಷ ಆಯ್ತು" ಅಂದಳು ಹುಡುಗಿ.

ನಿಜ ಹೇಳ್ತೀನಿ, ತಲೆಯಲ್ಲಿ ತಕ್ಷಣ ಒಂದು ಹೆಡ್‌ಲೈನ್ ಓಡಿತು. ನಲವತ್ತು ವರ್ಷ ಆದರೂ ಭಾಷೆ ಕಲಿಯದವರು!

"ಯಾಕೆ ಕಲೀಲಿಲ್ಲ ಅಂತ ಅಜ್ಜಿಯನ್ನ ಕೇಳಮ್ಮ" ಅಂದೆ. ಅವಳು ಕೇಳಿದಳು. ಅಜ್ಜಿ ನಕ್ಕರು. ಗಂಡ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ, ತಾನು ಮನೆಯಲ್ಲೇ ಮಷಿನ್ ಹಾಕ್ಕೊಂಡು ಬಟ್ಟೆ ಹೊಲಿಯುತ್ತಿದ್ದೆ, ಪೀಸಿಗೆ ಇಷ್ಟು ಅಂತ ಕೂಲಿ. ಕತ್ತಲಾದ ಮೇಲೆ ನಾವ್ಯಾರೂ ಹೊರಗೆ ಹೋಗುತ್ತಿರಲಿಲ್ಲ. ಕಲಿಯೋಕೆ ಯಾರ ಹತ್ತಿರ ಮಾತಾಡಬೇಕಿತ್ತು?

ಕತ್ತಲಾದ ಮೇಲೆ ಯಾಕೆ ಹೋಗುತ್ತಿರಲಿಲ್ಲ? ಉತ್ತರ ಆ ಹಿರಿಯರು ಕೂತಿದ್ದ ಪಾರ್ಕಿನ ಹೆಸರಲ್ಲೇ ಇದೆ. ಅಲ್ತಾಬ್ ಅಲಿ ಪಾರ್ಕ್. ಅಲ್ತಾಬ್ ಅಲಿ ಬಟ್ಟೆ ಹೊಲಿಯುವ ಕೆಲಸಗಾರ. 1978ರ ಮೇ 4ರಂದು ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಾಗ ಜನಾಂಗ ದ್ವೇಷಕ್ಕೆ ಅಲ್ಲೇ ಪಕ್ಕದಲ್ಲಿ ಕೊಲೆಯಾದ. ಹತ್ತು ದಿನದ ನಂತರ ಸಾವಿರಾರು ಜನ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ನಿವಾಸದವರೆಗೂ ನಡೆದರು. ಆ ಕಾಲದಲ್ಲಿ ಸರ್ಕಾರಿ ಮನೆ ಕೊಡ್ತೀವಿ ಅಂದರೂ ಬಂಗಾಳಿ ಕುಟುಂಬಗಳು ನಮ್ಮವರ ಪಕ್ಕದಲ್ಲೇ ಕೊಡಿ ಅಂತಿದ್ದವು. ದೂರದ ಮನೆಗೆ ಹೋದರೆ ಕಿಟಕಿಗೆ ಕಲ್ಲು ಬೀಳುತ್ತಿತ್ತು. ಹೊರಗಿನವರು ಇದಕ್ಕೆ "ಇವರು ಬೆರೆಯಲ್ಲ" ಅಂತ ಹೆಸರಿಟ್ಟರು.

ಇದೇ ಮಾತು ಆ ಬೀದಿಗೆ ಹೊಸದಲ್ಲ. ಫೋರ್ನಿಯರ್ ಸ್ಟ್ರೀಟಿನ ಮೂಲೆಯಲ್ಲಿ ಒಂದು ಹಳೇ ಇಟ್ಟಿಗೆ ಕಟ್ಟಡ ಇದೆ. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗೆನಾಟ್ ಪ್ರೊಟೆಸ್ಟೆಂಟರು 1743ರಲ್ಲಿ ಕಟ್ಟಿದ ಚರ್ಚು. ಅವರಲ್ಲಿ ಬಹಳ ಜನ ರೇಷ್ಮೆ ನೇಯುವವರು. ಮುಂದೆ ಮೆಥಡಿಸ್ಟರ ಪ್ರಾರ್ಥನಾ ಮಂದಿರ ಆಯ್ತು. 1898ರಲ್ಲಿ ಯಹೂದಿಗಳ ಸಿನಗಾಗ್ ಆಯ್ತು. ಅವರು ರಷ್ಯಾ ಸಾಮ್ರಾಜ್ಯದ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರು. ಅವರ ಮೇಲೂ ಅದೇ ದೂರು: ನಮ್ಮ ಭಾಷೆ ಆಡಲ್ಲ, ಅವರವರೇ ಇರುತ್ತಾರೆ. ವಲಸೆ ತಡೆಯೋಕೆ 1905ರಲ್ಲಿ ಕಾನೂನೇ ಬಂತು. ಈಗ ಯಹೂದಿಗಳು ಬಹುಪಾಲು ಬೇರೆ ಬಡಾವಣೆಗಳಿಗೆ ಹೋಗಿದ್ದಾರೆ. ಅವರು ಬಿಟ್ಟುಹೋದ ಬೇಗಲ್ ರೊಟ್ಟಿಯನ್ನ ಇಡೀ ಲಂಡನ್ ಕ್ಯೂ ನಿಂತು ತಿನ್ನುತ್ತೆ. 1976ರಿಂದ ಆ ಕಟ್ಟಡ ಮಸೀದಿ.

ಹಾಗಂತ ಒಳಗೆ ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಕಾಪಾಡಿದ ಗೋಡೆಯೇ ಕಟ್ಟಿಹಾಕುತ್ತೆ ಕೂಡ. ಅಜ್ಜಿಗೆ ತನ್ನ ನೋವನ್ನ ಡಾಕ್ಟರಿಗೆ ತಾನೇ ಹೇಳೋಕಾಗಲ್ಲ. ಹೆಣ್ಣುಮಕ್ಕಳಿಗೆ ಹೇಳಬೇಕಾದ್ದನ್ನೆಲ್ಲ ಹತ್ತು ವರ್ಷದ ಮಗುವಿನ ಬಾಯಲ್ಲಿ ಹೇಳಿಸೋಕೆ ಆಗುತ್ತಾ? ಭಾಷೆ ಬೇಕು. ಆದರೆ ಭಾಷೆ ಬರೋದು ಯಾರಾದರೂ ಮಾತಾಡಿಸಿದರೆ.

ಈಗ ನನ್ನ ತಪ್ಪಿನ ವಿಷಯ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ವಲಸೆ ಕಾರ್ಮಿಕರ ಬಡಾವಣೆಗೆ ಕ್ಯಾಮೆರಾ ತಗೊಂಡು ಹೋಗಿದ್ದೆ. ಇಪ್ಪತ್ತು ನಿಮಿಷ ಇದ್ದೆ. ನಮ್ಮನ್ನ ನೋಡಿ ಜನ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡರು. ಆ ಮುಚ್ಚಿದ ಬಾಗಿಲುಗಳನ್ನೇ ಶೂಟ್ ಮಾಡಿಸಿ, "ನಗರದೊಳಗೊಂದು ಬೇರೆ ದೇಶ" ಅಂತ ಹೆಡ್‌ಲೈನ್ ಕೊಟ್ಟೆ. ಕ್ಯಾಮೆರಾ ನೋಡಿ ಹಾಕಿಕೊಂಡ ಬಾಗಿಲು ಅದು. ಅದನ್ನೇ ಸಾಕ್ಷಿ ಅಂತ ನಿಮಗೆ ತೋರಿಸಿದೆ. ಆ ಬಡಾವಣೆಯ ಒಬ್ಬರ ಹೆಸರೂ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ವಾರ ಅಲ್ಲಿಗೆ ಮತ್ತೆ ಹೋಗ್ತಿದ್ದೀನಿ. ಈ ಸಲ ಕ್ಯಾಮೆರಾ ಆಫೀಸಿನಲ್ಲೇ ಇರುತ್ತೆ.