‘ಸ್ಟ್ರೈಕ್’ ಎಂಬ ಮಾತು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಓದುಬರಹ ಬಾರದ ನಮ್ಮವರಿಗೂ ಗೊತ್ತಿರುವ ಇಂಗ್ಲಿಷ್ ಮಾತುಗಳಲ್ಲಿ ‘ಸ್ಟ್ರೈಕ್’ ಒಂದು. ಅದು ಎಲ್ಲಿಂದ ಬಂತು, ಅದರ ಹೊಟ್ಟೆಯಲ್ಲಿ ಎಷ್ಟು ಅರ್ಥಗಳಿವೆ ಎಂಬುದನ್ನು ಇಂದು ವಿಚಾರಿಸೋಣ.

ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲಪದಕ್ಕೆ ಸವರು, ಉಜ್ಜು, ಸಾಗು ಎಂಬ ಮೆದುವಾದ ಅರ್ಥಗಳಿದ್ದವು. ‘ಹೊಡೆ’ ಎಂಬುದು ಆಮೇಲೆ ಬಂದದ್ದು. ಈಗಲಾದರೋ ಗಡಿಯಾರ ಗಂಟೆ ಹೊಡೆದರೂ ಸ್ಟ್ರೈಕ್, ಒಲೆಯ ಮುಂದೆ ಬೆಂಕಿಕಡ್ಡಿ ಗೀರಿದರೂ ಸ್ಟ್ರೈಕ್, ಸಿಡಿಲು ಬಡಿದರೂ ಸ್ಟ್ರೈಕ್, ನೆಲ ಅಗೆದವನಿಗೆ ಚಿನ್ನ ಸಿಕ್ಕರೂ ಸ್ಟ್ರೈಕ್. ನಾವು ಕೇರಂ ಆಡುವಾಗ ಬೆರಳಿನಿಂದ ಚಿಮ್ಮುವ ‘ಸ್ಟ್ರೈಕರ್’ ಕೂಡ ಇದೇ ಮನೆತನದ್ದು.

ಹೊಡೆಯುವ ಮಾತು ಕೆಲಸ ನಿಲ್ಲಿಸುವ ಮಾತಾದದ್ದು ಹೇಗೆ? ಹಡಗಿನಿಂದ. ಹಾಯಿ ಇಳಿಸುವುದಕ್ಕೆ ಇಂಗ್ಲಿಷ್ ನಾವಿಕರು ‘ಸ್ಟ್ರೈಕ್’ ಎನ್ನುತ್ತಿದ್ದರು. 1768ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ, ಸಂಬಳ ಹೆಚ್ಚಿಸಬೇಕೆಂದು ನಾವಿಕರು ಹಡಗುಗಳ ಹಾಯಿ ಇಳಿಸಿಬಿಟ್ಟರು. ಹಾಯಿಯಿಲ್ಲದ ಹಡಗು ಕದಲೀತೇ? ಕರಾವಳಿಯಿಂದ ಬಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಆ ಮಾತು ಕಾರ್ಖಾನೆಗಳ ಬಾಗಿಲಿಗೂ ಬಂತು.

ಆದ್ದರಿಂದ ನಮ್ಮ ಸ್ಟ್ರೈಕಿನಲ್ಲಿ ಪೆಟ್ಟಿಲ್ಲ. ಕೈ ತಡೆದು ನಿಲ್ಲುವುದಿದೆ. ಒಬ್ಬನೇ ಹಗ್ಗ ಬಿಟ್ಟರೆ ಅವನ ಕೆಲಸ ಹೋಗುತ್ತದೆ. ಎಲ್ಲರೂ ಸೇರಿ ಹಾಯಿ ಇಳಿಸಿದರೆ ಹಡಗು ನಿಲ್ಲುತ್ತದೆ. 1908ರಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರ್ಷದ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಕೆಲಸ ನಿಲ್ಲಿಸಿ ಇದನ್ನು ತೋರಿಸಿದರು. ಆದರೆ ಹಾಯಿ ಮತ್ತೆ ಏರಬೇಕೆಂಬುದನ್ನೂ ನಾವು ಮರೆಯಬಾರದು. 1982ರ ಜನವರಿ 18ರಂದು ಅದೇ ಊರಿನಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಗಿರಣಿ ಬಿಟ್ಟು ಹೊರಬಂದರು. ಎಷ್ಟೋ ಗಿರಣಿಗಳ ಬಾಗಿಲು ಆಮೇಲೆ ತೆರೆಯಲೇ ಇಲ್ಲ. ಎಷ್ಟೋ ಮನೆಗಳ ಒಲೆ ಆರಿತು.

ಈ ಮಾತಿಗೆ ಕಾನೂನು ಕೊಡುವ ಅರ್ಥ ಬೇರೆಯೇ ಇದೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಒಟ್ಟಾಗಿ ಒಂದೇ ದಿನ ಕ್ಯಾಶುವಲ್ ರಜೆ ಹಾಕಿದರೆ ಅದೂ ಸ್ಟ್ರೈಕೇ. ನೋಟೀಸು ಕೊಟ್ಟು 14 ದಿನ ಕಳೆಯುವ ಮುನ್ನ ಹೂಡುವಂತಿಲ್ಲ. “ನಾವು ರಜೆ ಹಾಕಿದೆವು, ಅಷ್ಟೇ” ಎಂದರೆ ನಡೆಯದು.

ಬಂಧುಗಳೇ, ನಾವು ಆಡುವ ಮಾತಿಗೆ ಎದುರಿನವನು ಏನರ್ಥ ಹಚ್ಚುತ್ತಾನೆಂದು ತಿಳಿಯದೆ ಕಾಗದಕ್ಕೆ ಸಹಿ ಹಾಕಬಾರದು. ಸಂಜೆ ಡ್ಯೂಟಿ ಮುಗಿದ ಮೇಲೆ ನಾಲ್ಕು ಜನ ಕೂಡಿ ಓದಿಸಿ ಕೇಳೋಣ, ಆಮೇಲೆ ಒಂದೇ ಮನಸ್ಸಿನಿಂದ ಹಗ್ಗಕ್ಕೆ ಕೈ ಹಾಕೋಣ.