ಗಣಕದ ಪರದೆ: ಅಗಲವೆಷ್ಟು, ಎತ್ತರವೆಷ್ಟು?



ಕನ್ನಡ ಕೂಟದ ವೇದಿಕೆಯಿಂದ ಸಾಮಾನ್ಯವಾಗಿ ಕಾವ್ಯ, ಸಂಗೀತ, ತತ್ತ್ವಗಳ ವಿಚಾರ ಕೇಳಿಬರುತ್ತದೆ. ಇಂದು ನಾವು ಆರಿಸಿಕೊಂಡಿರುವುದು ಮೇಜಿನ ಮೇಲಿನ ಒಂದು ವಸ್ತುವನ್ನು. ಗಣಕಯಂತ್ರಕ್ಕೆ ವಾಡಿಕೆಯ ಅಗಲ ಪರದೆಯನ್ನು ಕೊಳ್ಳಬೇಕೋ, ಅಂಗಡಿಗಳಲ್ಲಿ 'ಅಲ್ಟ್ರಾವೈಡ್' ಎಂದು ಮಾರುವ ಅತಿ ಅಗಲದ ಪರದೆಯನ್ನು ಕೊಳ್ಳಬೇಕೋ ಎಂಬುದು ಪ್ರಶ್ನೆ. 2020ರಿಂದೀಚೆಗೆ ನಮ್ಮಲ್ಲಿ ಅನೇಕರ ಮನೆಯ ಒಂದು ಕೋಣೆ ಕಚೇರಿಯಾಗಿದೆ. ಅದೇ ಮೇಜು ಮಕ್ಕಳಿಗೆ ಕನ್ನಡ ಶಾಲೆ. ಊರಿನಲ್ಲಿರುವ ತಂದೆತಾಯಿಯರ ಮುಖ ಕಾಣುವ ಕಿಟಕಿಯೂ ಅದೇ. ಆದುದರಿಂದ ಇದನ್ನು ಕೇವಲ ಯಂತ್ರದ ವಿಚಾರವೆಂದು ತಳ್ಳಿಹಾಕುವಂತಿಲ್ಲ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುತ್ತೇವೆ. 2020ರ ಬೇಸಿಗೆಯಲ್ಲಿ, ಶನಿವಾರಗಳಂದು, ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಈ ಮೂರೂ ನಗರಗಳ ಕೆಲವು ಮಕ್ಕಳಿಗೆ ನಾವು ಗಣಕದ ಮೂಲಕ ಕನ್ನಡ ಕಲಿಸುತ್ತಿದ್ದೆವು. ಆಗತಾನೆ 34 ಅಂಗುಲದ ಅತಿ ಅಗಲ ಪರದೆಯನ್ನು ತಂದಿದ್ದೆವು. ಎಡಕ್ಕೆ ಪಾಠ, ನಡುವೆ ಪದಗಳ ಪಟ್ಟಿ, ಬಲಕ್ಕೆ ಮಕ್ಕಳ ಮುಖಗಳು. ನಮಗೆ ಹಿಗ್ಗೋ ಹಿಗ್ಗು. ಇಡೀ ಪರದೆಯನ್ನೇ ಮಕ್ಕಳಿಗೂ ತೋರಿಸಿದೆವು. ಹ್ಯೂಸ್ಟನ್ನಿನ ಒಬ್ಬ ಬಾಲಕಿ 'ಅಕ್ಕ' ಎಂಬುದನ್ನು 'ಅಕ' ಎಂದು ಓದಿದಳು. 'ಹಳ್ಳಿ' 'ಹಳಿ'ಯಾಯಿತು. ತಿದ್ದಿದೆವು, ಮರುವಾರವೂ ಅದೇ ಕಥೆ. ಮನಸ್ಸಿಟ್ಟು ಓದುತ್ತಿಲ್ಲವೆಂದು ಕೊಂಚ ಗದರಿಯೂ ಬಿಟ್ಟೆವು. ಮೂರನೆಯ ವಾರ ಅವಳ ತಾಯಿ, ಮಗಳ ಪರದೆಯಲ್ಲಿ ಕಾಣುವುದರ ಚಿತ್ರವನ್ನು ತೆಗೆದು ಕಳುಹಿಸಿದರು. ಮೇಲೂ ಕೆಳಗೂ ಕಪ್ಪು ಪಟ್ಟಿ. ನಡುವಿನ ಇಕ್ಕಟ್ಟಿನಲ್ಲಿ ನಮ್ಮ ಪಾಠ. ಒತ್ತಕ್ಷರಗಳು ಮಸಿಯ ಚುಕ್ಕೆಗಳಂತೆ ಕಾಣುತ್ತಿದ್ದವು. ಮಗು ಕಂಡದ್ದನ್ನು ಕಂಡಂತೆ ಓದಿತ್ತು. ಕಾಣದ್ದನ್ನು ಓದಲಿಲ್ಲವೆಂದು ಗದರಿದವರು ನಾವು.

ಕಾರಣ ಸರಳವಾದ ಗಣಿತ. ನಮ್ಮ ಪರದೆಯಲ್ಲಿ ಅಡ್ಡಲಾಗಿ 3440 ಚುಕ್ಕೆಗಳು. ಅವಳ ಪುಟ್ಟ ಲ್ಯಾಪ್‌ಟಾಪಿನಲ್ಲಿ 1366. ಅಷ್ಟನ್ನು ಇಷ್ಟರೊಳಗೆ ಹಿಡಿಸಬೇಕಾದರೆ ಪ್ರತಿ ಅಕ್ಷರವೂ ಐದರಲ್ಲಿ ಎರಡು ಪಾಲಿಗೆ ಕುಗ್ಗಬೇಕು. ಅಂದಿನಿಂದ ನಾವು ಈ ವಿಷಯವನ್ನು ಅಳತೆಪಟ್ಟಿ ಹಿಡಿದು ಅಭ್ಯಾಸ ಮಾಡಿದೆವು.

ಪರದೆಯ ಇತಿಹಾಸ ನಮ್ಮ ಮೂರು ನಗರಗಳಿಗೆ ಹೊರಗಿನದಲ್ಲ. 1982ರಲ್ಲಿ ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಕಾಂಪ್ಯಾಕ್ ಸಂಸ್ಥೆಯ ಮೊದಲ ಹೊತ್ತೊಯ್ಯುವ ಗಣಕಕ್ಕೆ 9 ಅಂಗುಲದ ಹಸಿರು ಪರದೆಯಿತ್ತು. 1984ರಲ್ಲಿ ಆಸ್ಟಿನ್ನಿನ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ಮೈಕೆಲ್ ಡೆಲ್ ತಮ್ಮ ಉದ್ಯಮವನ್ನು ಆರಂಭಿಸಿದರು. 1987ರಲ್ಲಿ ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್, ಮುಂದೆ ಚಿತ್ರಮಂದಿರಗಳ ಬೆಳ್ಳಿತೆರೆಗೂ ಬಂದ ಸೂಕ್ಷ್ಮ ಕನ್ನಡಿಗಳ ಸಾಧನವನ್ನು ರೂಪಿಸಿದರು. ನಮ್ಮ ಹಳೆಯ ಗಣಕಗಳ ಪರದೆಗಳಲ್ಲಿ ಅಗಲ ನಾಲ್ಕು ಪಾಲಿದ್ದರೆ ಎತ್ತರ ಮೂರು. ಇಂದಿನ ವಾಡಿಕೆಯ ಪರದೆಯಲ್ಲಿ ಹದಿನಾರಕ್ಕೆ ಒಂಬತ್ತು. ಅತಿ ಅಗಲದ್ದರಲ್ಲಿ ಸುಮಾರು ಇಪ್ಪತ್ತೊಂದಕ್ಕೆ ಒಂಬತ್ತು. ಇದು ಸಿನೆಮಾಸ್ಕೋಪ್ ಚಿತ್ರಗಳ ಪ್ರಮಾಣಕ್ಕೆ ಹತ್ತಿರವಾದುದು.

ಅಂಗಡಿಯವರು ಹೇಳುವ ಅಂಗುಲ ಮೂಲೆಯಿಂದ ಮೂಲೆಗೆ ಎಳೆದ ಗೆರೆಯ ಅಳತೆ. ಮೋಸಹೋಗುವುದು ಇಲ್ಲಿಯೇ. 27 ಅಂಗುಲದ ವಾಡಿಕೆಯ ಪರದೆ ಸುಮಾರು ಇಪ್ಪತ್ಮೂರೂವರೆ ಅಂಗುಲ ಅಗಲ, 13 ಅಂಗುಲ ಎತ್ತರ. 34 ಅಂಗುಲದ ಅತಿ ಅಗಲ ಪರದೆ 31 ಅಂಗುಲಕ್ಕಿಂತ ತುಸು ಹೆಚ್ಚು ಅಗಲ. ಎತ್ತರ ಮಾತ್ರ ಅದೇ 13. ಹೆಸರಿನಲ್ಲಿ 7 ಅಂಗುಲ ಬೆಳೆದರೂ ಎತ್ತರದಲ್ಲಿ ಕೂದಲೆಳೆಯಷ್ಟೂ ಬೆಳೆಯಲಿಲ್ಲ. 29 ಅಂಗುಲದ ಅತಿ ಅಗಲ ಪರದೆಯಂತೂ 23 ಅಂಗುಲದ ವಾಡಿಕೆಯ ಪರದೆಯಷ್ಟೇ ಎತ್ತರ.

ಹಾಗಾದರೆ ಅಗಲದಿಂದ ಯಾರಿಗೆ ಲಾಭ? ತಮ್ಮ ತಮ್ಮ ಉದ್ಯೋಗವನ್ನೇ ನೋಡಿಕೊಳ್ಳಿ. ಹ್ಯೂಸ್ಟನ್ನಿನಲ್ಲಿ ತೈಲದ ಶೋಧನೆಯಲ್ಲಿರುವವರು ಭೂಗರ್ಭದ ಕಂಪನ ಚಿತ್ರಗಳನ್ನು ನೋಡುತ್ತಾರೆ. ಅವು ಅಡ್ಡಲಾಗಿ ಹರಡಿದವು, ಅಗಲ ಬೇಕು. ಅದೇ ಜನ ನೋಡುವ ಕೊಳವೆಬಾವಿಯ ಆಳದ ದಾಖಲೆ ಉದ್ದುದ್ದಕ್ಕೆ ಇಳಿಯುವಂಥದು. ಅದಕ್ಕೆ ಎತ್ತರ ಬೇಕು. ಆಸ್ಟಿನ್ನಿನಲ್ಲಿ ಚಿಪ್ಪುಗಳನ್ನು ವಿನ್ಯಾಸ ಮಾಡುವವರಿಗೆ ಕಾಲರೇಖೆಯ ಮೇಲೆ ಸಾಗುವ ಅಲೆಗಳನ್ನು ನೋಡಲು ಅಗಲ ವರವಾದರೆ, ಕ್ರಮವಿಧಿಯನ್ನು ಸಾಲುಸಾಲಾಗಿ ಬರೆಯುವವರಿಗೆ ಎತ್ತರವೇ ಮೇಲು. ಡಲ್ಲಾಸಿನಲ್ಲಿ ಲೆಕ್ಕಪತ್ರ ನೋಡುವವರಿಗೆ ಹತ್ತಾರು ಕಂಬಸಾಲುಗಳ ಕೋಷ್ಟಕ ಒಂದೇ ನೋಟಕ್ಕೆ ಸಿಕ್ಕುವುದು ದೊಡ್ಡ ಅನುಕೂಲ. ಎರಡು ಪರದೆಗಳನ್ನು ಜೋಡಿಸಿದಾಗ ನಡುವೆ ಬರುವ ಚೌಕಟ್ಟಿನ ಕಂಬವೂ ಇಲ್ಲಿರುವುದಿಲ್ಲ.

ಇನ್ನು ಕನ್ನಡದ ಮಾತು. ನಮ್ಮ ಲಿಪಿ ಸಾಲಿನ ಮೇಲೆ ಮಾತ್ರ ನಡೆಯುವಂಥದಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ' ಎಂಬಲ್ಲಿ ಒಂದರ ಕೆಳಗೆ ಎರಡು. ಆದುದರಿಂದ ಕನ್ನಡದ ಸಾಲಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕು. ಅಷ್ಟೇ ಪರದೆಯಲ್ಲಿ ಕಡಿಮೆ ಸಾಲುಗಳು ಹಿಡಿಯುತ್ತವೆ. ಜೊತೆಗೆ, ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು. ಅದು ಸ್ಪಷ್ಟವಾಗಿ ಮೂಡಬೇಕಾದರೆ ಅಂಗುಲಕ್ಕೆ ಹೆಚ್ಚು ಚುಕ್ಕೆಗಳಿರಬೇಕು. 34 ಅಂಗುಲದ, 3440ಕ್ಕೆ 1440 ಚುಕ್ಕೆಗಳ ಪರದೆಯಲ್ಲಿ ಅಂಗುಲಕ್ಕೆ ಸುಮಾರು 110. 27 ಅಂಗುಲದ 4ಕೆ ಪರದೆಯಲ್ಲಿ ಸುಮಾರು 163. ಕನ್ನಡವನ್ನು ಓದುವ, ಓದಿಸುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಚಲನಚಿತ್ರದ ಮಾತೂ ಇರಲಿ. ಸಿನೆಮಾಸ್ಕೋಪ್ ಚಿತ್ರ ಅತಿ ಅಗಲ ಪರದೆಯನ್ನು ತುಂಬುತ್ತದೆ. ಧಾರಾವಾಹಿ, ವಾರ್ತೆ, ಮೊಮ್ಮಗುವಿನ ಹುಟ್ಟುಹಬ್ಬದ ವೀಡಿಯೊಗಳು ನಡುವೆ ನಿಂತು, ಇಕ್ಕೆಲಗಳಲ್ಲಿ ನಾಲ್ಕು ನಾಲ್ಕು ಅಂಗುಲ ಕತ್ತಲೆಯನ್ನು ಉಳಿಸುತ್ತವೆ.

ಕೊಳ್ಳುವ ಮುನ್ನ ಮಾಡಬೇಕಾದ ಕೆಲಸ ಮನೆಯಲ್ಲಿಯೇ ಇದೆ. ರಟ್ಟಿನ ಹಾಳೆಯನ್ನು 31ಕ್ಕೆ 13 ಅಂಗುಲ ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸಿರಿ. ತೋಳಿನಳತೆಯ ದೂರದಲ್ಲಿ ಕುಳಿತು ಎರಡೂ ತುದಿಗಳನ್ನು ನೋಡಿರಿ. ಕತ್ತು ಮತ್ತೆಮತ್ತೆ ತಿರುಗುವಂತಿದ್ದರೆ ಎಚ್ಚರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮೇಜಿಗೂ ಸಲ್ಲುತ್ತದೆ. ಟೆಕ್ಸಾಸಿನ ಪಡುವಣ ಬಿಸಿಲು ಕಿಟಕಿಯಿಂದ ನೇರವಾಗಿ ಪರದೆಗೆ ಬಡಿಯದಂತೆ, ಕಿಟಕಿ ಪಕ್ಕಕ್ಕೆ ಬರುವ ಹಾಗೆ ಮೇಜನ್ನು ಇರಿಸಿರಿ. ಎರಡು ನೋಟದ ಕನ್ನಡಕ ಹಾಕುವ ಹಿರಿಯರಿಗಾಗಿ ಪರದೆಯನ್ನು ಕೊಂಚ ತಗ್ಗಿಸಿರಿ. ಹಳೆಯ ಲ್ಯಾಪ್‌ಟಾಪಿನ ಸಾಮರ್ಥ್ಯವನ್ನೂ ವಿಚಾರಿಸಿರಿ, ಎಚ್‌ಡಿಎಂಐ 1.4 ಜೋಡಣೆಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುವುದರಿಂದ ಪರದೆಯ ಮೇಲಿನ ಬಾಣ ತಡವರಿಸಿದಂತೆ ತೋರುತ್ತದೆ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ ಹೀಗೆ: ಮನೆಮಂದಿಯೆಲ್ಲ ಹಂಚಿಕೊಳ್ಳುವ ಮೇಜಿಗೆ 27 ಅಂಗುಲದ 4ಕೆ ವಾಡಿಕೆಯ ಪರದೆ ಲೇಸು. ದಿನದ ಎಂಟು ಗಂಟೆ ಎರಡು ಮೂರು ಕಡತಗಳನ್ನು ಅಕ್ಕಪಕ್ಕ ಇರಿಸಿಕೊಂಡೇ ದುಡಿಯುವವರಿಗೆ, ಮೇಜು ನಾಲ್ಕು ಅಡಿಯಾದರೂ ಇದ್ದರೆ, ಅತಿ ಅಗಲ ಪರದೆ ಸಾರ್ಥಕ. ಅದನ್ನು ಕೊಂಡವರು ಇತರರಿಗೆ ಇಡೀ ಪರದೆಯನ್ನು ತೋರಿಸದೆ, ಬೇಕಾದ ಒಂದು ಕಿಟಕಿಯನ್ನು ಮಾತ್ರ ತೋರಿಸಬೇಕು.

ನಾವು ನಾಲ್ಕನೆಯ ಶನಿವಾರ ಮಾಡಿದ್ದೂ ಅದನ್ನೇ. ಮೊದಲು ಆ ಬಾಲಕಿಯ ಕ್ಷಮೆ ಕೇಳಿದೆವು. ಆಮೇಲೆ ಪಾಠದ ಕಿಟಕಿಯೊಂದನ್ನೇ ದೊಡ್ಡದಾಗಿ ತೋರಿಸಿದೆವು. ಅವಳು 'ಅಕ್ಕ' ಎಂದು ಒತ್ತಿ ಓದಿ, "ಅಂಕಲ್, ಇದು ಮೊದಲು ಇರಲೇ ಇಲ್ಲ" ಎಂದಳು. ಅವಳ ಮಾತು ನಿಜವಾಗಿತ್ತು. ಪರದೆಯನ್ನು ಆರಿಸುವಾಗ ನಮ್ಮ ಕಣ್ಣಿಗೆ ಎಷ್ಟು ಕಾಣುತ್ತದೆಂದು ಎಲ್ಲರೂ ನೋಡುತ್ತೇವೆ. ಆಚೆಯ ತುದಿಯಲ್ಲಿ ಕುಳಿತವರಿಗೆ ಏನು ಕಾಣುತ್ತದೆಂಬುದನ್ನೂ ವಿಚಾರಿಸೋಣ.