ಮಲಗುವ ಮುನ್ನ ಬೆಂಕಿ ಆರಿಸಿ
(ಬೆಳುವಾಯಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಮದೀನಾದಲ್ಲಿ ಒಂದು ರಾತ್ರಿ ಒಂದು ಮನೆ ಒಳಗಿದ್ದವರ ಸಮೇತ ಸುಟ್ಟುಹೋಯಿತು. ಸುದ್ದಿ ತಲುಪಿದಾಗ ಪ್ರವಾದಿವರ್ಯರು(ಸ) ಬೆಂಕಿಯನ್ನು ಮನುಷ್ಯನ ಶತ್ರುವೆಂದು ಕರೆದರು. ಮಲಗುವಾಗ ಅದನ್ನು ಆರಿಸಲು ಆಜ್ಞಾಪಿಸಿದರು. ಅಬೂ ಮೂಸಾ ಅಲ್ ಅಶ್‌ಅರೀ(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಮಲಗುವಾಗಿನ ದಿಕ್ರ್‌ಗಳನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಬಾಗಿಲು ಹಾಕುವುದು, ಪಾತ್ರೆ ಮುಚ್ಚುವುದು, ದೀಪ ಆರಿಸುವುದು ಕೂಡ ಅದೇ ರಾತ್ರಿಯ ಸುನ್ನತ್ ಎಂದು ಎಷ್ಟು ಮಂದಿ ಹೇಳಿಕೊಟ್ಟಿದ್ದೇವೆ?

ಅಬೂದಾವೂದ್‌ನಲ್ಲಿ ಇಬ್ನು ಅಬ್ಬಾಸ್(ರ) ವರದಿ ಮಾಡಿದ ಇನ್ನೊಂದು ಘಟನೆ ಇದೆ. ಇಲಿಯೊಂದು ದೀಪದ ಬತ್ತಿಯನ್ನು ಎಳೆದು ತಂದು ಪ್ರವಾದಿವರ್ಯರು(ಸ) ಕುಳಿತಿದ್ದ ಚಾಪೆಯ ಮೇಲೆ ಹಾಕಿತು. ಒಂದು ದಿರ್ಹಮ್‌ನಷ್ಟು ಜಾಗ ಸುಟ್ಟಿತು. ಈಗ ನಮ್ಮಲ್ಲಿ ಬತ್ತಿಯ ದೀಪ ಇಲ್ಲ, ಆದರೆ ಇಲಿ ಇದೆ. ಅದು ಗ್ಯಾಸಿನ ರಬ್ಬರ್ ಪೈಪನ್ನು ಕಡಿಯುತ್ತದೆ. ಹದೀಸಿನ ಕಾಲ ಮುಗಿಯಿತು ಎನ್ನುವವರು ಒಮ್ಮೆ ತಮ್ಮ ಅಡುಗೆಮನೆಯ ಕಟ್ಟೆಯ ಕೆಳಗೆ ಬಗ್ಗಿ ನೋಡಲಿ.

2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್ ಬಳಿ ನಡೆದದ್ದು ನಿಮಗೆ ನೆನಪಿರಬಹುದು. ಅಯ್ಯಪ್ಪ ವ್ರತದಲ್ಲಿದ್ದ ಒಂಬತ್ತು ಮಂದಿ ದೇವಸ್ಥಾನದ ಕೋಣೆಯೊಂದರಲ್ಲಿ ಮಲಗಿದ್ದರು. ಸಿಲಿಂಡರ್ ಅದೇ ಕೋಣೆಯಲ್ಲಿತ್ತು. ರಾತ್ರಿ ಗ್ಯಾಸ್ ಸೋರಿತು, ಉರಿಯುತ್ತಿದ್ದ ದೀಪದಿಂದ ಅದಕ್ಕೆ ಬೆಂಕಿ ತಗುಲಿತೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಎಂಟು ಮಂದಿ ಒಬ್ಬೊಬ್ಬರಾಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರೂ ತಾಯಂದಿರ ಮಕ್ಕಳು. ಆ ಕೋಣೆಗೂ ಮದೀನಾದ ಆ ಮನೆಗೂ ಏನು ವ್ಯತ್ಯಾಸ? ಎರಡೂ ಕಡೆ ಜನರು ಮಲಗಿದ್ದರು, ಬೆಂಕಿ ಎಚ್ಚರವಾಗಿತ್ತು.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಚಾಪೆ ಹಾಸಿ ಮಲಗಿದವನಿಗೆ ಅದು ಮೊದಲು ತಲುಪುತ್ತದೆ. ಗ್ಯಾಸಿಗೆ ಸ್ವತಃ ವಾಸನೆ ಇಲ್ಲ. ನಮಗೆ ಗೊತ್ತಾಗಲೆಂದೇ ಆ ಕೆಟ್ಟ ವಾಸನೆಯನ್ನು ಬೆರೆಸಿರುತ್ತಾರೆ. ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ, ಅಲ್ಲೇ ನಿಂತು ಮೊಬೈಲ್ ಹಿಡಿಯಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಬನ್ನಿ. 1906 ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ, ಬೆಂಕಿಗೆ 112. ಅಗ್ನಿಶಾಮಕ ವಾಹನ ಮೂಡುಬಿದಿರೆಯಿಂದಲೋ ಕಾರ್ಕಳದಿಂದಲೋ ಬರಬೇಕು. ಅದು ಬರುವವರೆಗಿನ ಹೊತ್ತು ನಮ್ಮ ಕೈಯಲ್ಲೇ ಇರುತ್ತದೆ. ಇನ್ನೊಂದು ಮಾತು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಮುಂದೆ ವರ್ಷ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅದು ಮರುಪರೀಕ್ಷೆಯ ಗಡುವು. ಗಡುವು ಮೀರಿದ ಸಿಲಿಂಡರ್ ತಂದರೆ ಇಳಿಸಿಕೊಳ್ಳಬೇಡಿ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ನಾವು ಸಿಲಿಂಡರ್ ನೋಡಲು ನಾಚಬೇಕಾಗಿಲ್ಲ.

ಮನೆಯಲ್ಲಿ ಇದನ್ನು ಓದುವ ತಾಯಂದಿರೇ, ಸಹೋದರಿಯರೇ, ಬೆಂಕಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವವರು ನೀವು. ರಮಳಾನಿನಲ್ಲಿ ಮಗ್ರಿಬ್‌ಗೆ ಹತ್ತು ನಿಮಿಷ ಇರುವಾಗ ಸಮೋಸ ಕರಿಯುವ ಅವಸರ ನನಗೆ ಗೊತ್ತು. ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದರೆ ನೀರು ಸುರಿಯಬೇಡಿ, ಉರಿಯುವ ಎಣ್ಣೆ ಸಿಡಿದು ಮೈಮೇಲೆ ಬರುತ್ತದೆ. ಒಲೆ ಆರಿಸಿ, ತಟ್ಟೆಯಿಂದ ಮುಚ್ಚಿದರೆ ಸಾಕು. ಪಾಲಿಸ್ಟರ್ ನೈಟಿ, ಜಾರುವ ದುಪಟ್ಟಾ ಒಲೆಯ ಬಳಿ ಬೇಡ. ಆ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಟ್ಟೆಗೆ ಕಿಡಿ ಹಿಡಿದರೆ ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು.

ಪುಟ್ಟ ಮಕ್ಕಳನ್ನು ಹೆಚ್ಚು ಸುಡುವುದು ಬೆಂಕಿಯಲ್ಲ, ಬಿಸಿನೀರು ಮತ್ತು ಚಹಾ. ನಮ್ಮಲ್ಲಿ ಬಾಣಂತಿ ಮನೆಯೆಂದರೆ ಬಚ್ಚಲಲ್ಲಿ ಹಂಡೆ ತುಂಬ ಕುದಿಯುವ ನೀರು. ಬಾಲ್ದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕುವ ರೂಢಿ ಮಾಡಿಕೊಳ್ಳಿ. ಮಗುವನ್ನು ಅಲ್ಲಿ ಒಂಟಿಯಾಗಿ ಬಿಡಬೇಡಿ. ಹಂಡೆ ಒಲೆಯ ಬಾಯಿಯ ಬಳಿ ಒಣ ಮಡಲು, ಗೆರಟೆಯ ರಾಶಿ ಇಡುವುದನ್ನೂ ನಿಲ್ಲಿಸಿ.

ಸುಟ್ಟರೆ ಏನು ಮಾಡುತ್ತೇವೆ? ಟೂತ್‌ಪೇಸ್ಟ್, ಅರಸಿನ, ತೆಂಗಿನೆಣ್ಣೆ, ಒಬ್ಬೊಬ್ಬರದ್ದು ಒಂದೊಂದು. ಯಾವುದೂ ಬೇಡ, ಮಂಜುಗಡ್ಡೆಯೂ ಬೇಡ. ಹರಿಯುವ ಸಾಮಾನ್ಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿ ಹಿಡಿಯಿರಿ, ಏಕೆಂದರೆ 20 ನಿಮಿಷ ತುಂಬ ಉದ್ದ. ಊದಿಕೊಳ್ಳುವ ಮೊದಲು ಬಳೆ, ಉಂಗುರ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ, ಗುಳ್ಳೆ ಒಡೆಯಬೇಡಿ. ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡಿ. ಮಂತ್ರಿಸಿದ ನೀರು ಬೇಕೆನಿಸಿದರೆ ನನ್ನನ್ನು ಆಮೇಲೆ ಕರೆಯಿರಿ, ಮೊದಲು ಡಾಕ್ಟರ್.

ಕೆಲವರು ಹೇಳುವುದುಂಟು, ಉಸ್ತಾದರೇ, ಬೆಂಕಿಯಲ್ಲಿ ಸತ್ತವನಿಗೆ ಶಹೀದನ ದರ್ಜೆ ಇದೆಯಲ್ಲ ಎಂದು. ಇದೆ, ಹದೀಸಿನಲ್ಲಿದೆ. ಅದು ಕಳೆದುಕೊಂಡ ಮನೆಯವರಿಗೆ ಅಲ್ಲಾಹನು ಕೊಟ್ಟ ಸಾಂತ್ವನ. ಹಳೆಯ ಪೈಪ್ ಬದಲಿಸಲು ಹಣ ಉಳಿಸಿದ ಯಜಮಾನನಿಗೆ ಅದು ವಿನಾಯಿತಿಯಲ್ಲ. ನಮ್ಮ ಕೈಯಾರೆ ನಮ್ಮನ್ನು ನಾಶಕ್ಕೆ ತಳ್ಳಬಾರದೆಂದು ಅಲ್ ಬಖರದ 195ನೇ ಸೂಕ್ತದಲ್ಲಿ ಅಲ್ಲಾಹನು ತಡೆದಿದ್ದಾನೆ. ಒಂಟೆಯನ್ನು ಕಟ್ಟಿ ತವಕ್ಕುಲ್ ಮಾಡೆಂದು ಕಲಿಸಿದ ಪ್ರವಾದಿಯ(ಸ) ಉಮ್ಮತ್ ನಾವು.

ಕೊನೆಗೆ ಬಾಡಿಗೆ ಕೋಣೆಗಳಿರುವ ಸಹೋದರರಿಗೆ ಒಂದು ಮಾತು. ಹೊರರಾಜ್ಯದಿಂದ ಕೆಲಸಕ್ಕೆ ಬಂದ ಹುಡುಗರು ಒಂದೇ ಕೋಣೆಯಲ್ಲಿ ಅಡುಗೆ ಮಾಡಿ, ಸಿಲಿಂಡರಿನ ಪಕ್ಕದಲ್ಲೇ ಐದಾರು ಮಂದಿ ಮಲಗುತ್ತಾರೆ. ಸೊಳ್ಳೆಬತ್ತಿ ಉರಿಯುತ್ತಿರುತ್ತದೆ, ಕಿಟಕಿ ಮುಚ್ಚಿರುತ್ತದೆ. ಅವರ ಉಮ್ಮಂದಿರು ಸಾವಿರಾರು ಮೈಲಿ ದೂರ ಇದ್ದಾರೆ. ಇತರರಿಗೆ ಹಾನಿ ಮಾಡಬಾರದೆಂಬ ನಿಯಮ ಅವರು ಯಾವ ಧರ್ಮದವರಾದರೂ ಅನ್ವಯಿಸುತ್ತದೆ. ಸಿಲಿಂಡರನ್ನು ಹೊರಗಿನ ಜಗಲಿಗೆ ತರಿಸಿ, ಅಲ್ಲೇ ಅಡುಗೆಗೆ ಒಂದು ಮಾಡು ಇಳಿಸಿಕೊಡಿ. ಈ ತಿಂಗಳ ಬಾಡಿಗೆ ಪಡೆಯಲು ಹೋದಾಗ ಬಾಗಿಲಲ್ಲೇ ನಿಂತು ಹಿಂದಿರುಗದೆ, ಸಲಾಂ ಹೇಳಿಯೋ ನಮಸ್ಕಾರ ಹೇಳಿಯೋ ಒಳಗೆ ಹೋಗಿ ಒಲೆ ಎಲ್ಲಿದೆಯೆಂದು ನೋಡಿ.